ಮುಂದೆ ಬಾರದ ಚಪ್ಪಲಿಯ ಸಪ್ಪಳ

ಇಂಥ ಸಂಗತಿಗಳನ್ನು ನಂಬುವ ಜಾತಿಯವಳು ನಾನಲ್ಲ ಎಂದು ನನ್ನನ್ನು ಬಲ್ಲವರೆಲ್ಲ ಹೇಳಿಯಾರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ಮೈಮೇಲೆ ದೇವರು ಬಂದದ್ದು, ಸತ್ತವರು ಕನಸಿನಲ್ಲಿ ಬಂದು ನೀರು ಕೇಳಿದ್ದು, ಹಲ್ಲಿ ಲೊಚಗುಟ್ಟಿದ್ದಕ್ಕೆ ಸಂಬಂಧ ಮುರಿದದ್ದು, ಇಂಥ ಮಾತು ಯಾರಾದರೂ ತೆಗೆದರೆ ನಾನು ಚಹಾ ಇಡುವ ನೆವ ಮಾಡಿ ಎದ್ದು ಒಳಗೆ ಹೋಗುತ್ತೇನೆ. ಎದುರಿಗೆ ಕೂತರೆ ಜಗಳವಾಗುತ್ತದೆ ಎಂಬ ಭಯ. ಎಷ್ಟೋ ಮದುವೆಮನೆಗಳಲ್ಲಿ ನನ್ನ ದೆಸೆಯಿಂದ ಜನ ಎರಡೆರಡು ಸಲ ಚಹಾ ಕುಡಿದಿದ್ದಾರೆ.

ಹೀಗಿರುವ ನಾನೇ ಈಗ ಒಂದು ಸಂಜೆಯ ಸಂಗತಿ ಹೇಳಲು ಕೂತಿದ್ದೇನೆ. ಓದಿ ನೀವು ನಕ್ಕರೆ ನನಗೆ ಸಿಟ್ಟು ಬರುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ. ಆದರೆ ಇದು ನಮ್ಮ ಮನೆಯಲ್ಲಿ, ನನ್ನ ಕಣ್ಣೆದುರಿಗೆ ನಡೆದದ್ದು. ನಾನು ಅಲ್ಲೇ ಒಲೆಯ ಪಕ್ಕದಲ್ಲಿ ಕಂದೀಲಿನ ಗಾಜು ಒರೆಸುತ್ತ ಕೂತಿದ್ದೆ.

ನನ್ನ ತವರು ನಿಪ್ಪಾಣಿ. ಎಂಬತ್ತರ ದಶಕದ ಮೊದಲಲ್ಲಿ ಮದುವೆಯಾಗಿ ರಾಯಬಾಗ ತಾಲ್ಲೂಕಿನ ಒಂದು ಹಳ್ಳಿಗೆ ಬಂದೆ. ಮುಗಳಖೋಡ ನಮಗೆ ಹತ್ತಿರದ ಪೇಟೆ. ಗಂಡನ ಮನೆಯವರಿಗೆ ಕಬ್ಬಿನ ಹೊಲ, ಒಂದಿಷ್ಟು ದ್ರಾಕ್ಷಿ. ಮನೆಯ ಮುಂದೆ ಬಸ್ಸು ಬರುವ ದಾರಿ, ಹಿಂದೆ ಹಿತ್ತಲು, ಹಿತ್ತಲ ಆಚೆಗೆ ಕಣ್ಣು ಹಾಯುವಷ್ಟು ದೂರ ಕಬ್ಬು, ಅದರಾಚೆ ಹಳ್ಳ. ನನ್ನ ಮಾತಿನಲ್ಲಿ ಅರ್ಧಕ್ಕರ್ಧ ಮರಾಠಿ ಬೆರೆತಿರುತ್ತಿದ್ದುದರಿಂದ ಅತ್ತೆ ಮೊದಲ ವರ್ಷವಿಡೀ ನನ್ನನ್ನು ಬಂದವರಿಗೆಲ್ಲ "ನಮ್ಮ ಕೊಲ್ಹಾಪುರದ ಬಾಯಾರು" ಎಂದು ತೋರಿಸಿ ನಗಾಡುತ್ತಿದ್ದರು. ಹಾಗೆ ನಗಾಡುತ್ತಲೇ ನನ್ನನ್ನು ಶಾಲೆಯ ನೌಕರಿಗೆ ಕಳಿಸಿದವರೂ ಅವರೇ. ಬೀದಿಯ ಹೆಂಗಸರು ಏನಾದರೂ ಅಂದರೆ, "ಆಕಿ ಕಲಿತದ್ದು ಒಲಿಗೆ ಹಾಕಾಕೇನು?" ಎಂದು ಬಾಯಿ ಮುಚ್ಚಿಸುತ್ತಿದ್ದರು. ನನಗೆ ಅತ್ತೆ ಎಂದರೆ ಬಹಳ ಪ್ರೀತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮಾವನವರು ಎತ್ತರದ ಆಳು, ಮಾತು ಕಡಿಮೆ. ಅವರ ಒಂದೇ ಒಂದು ಶೋಕಿ ಎಂದರೆ ಅಥಣಿಯ ಚಪ್ಪಲಿ. ನಮ್ಮ ಕಡೆಯ ದಪ್ಪ ತೊಗಲಿನ ಚಪ್ಪಲಿಯನ್ನು ನೀವು ನೋಡಿರಬಹುದು. ನಡೆದರೆ ಕರ್ ಕರ್ ಎನ್ನುವ ಹಾಗೆ ಅದನ್ನು ಬೇಕೆಂದೇ ಹೊಲಿಸಿಕೊಳ್ಳುವ ರೂಢಿ ಆಗ ಇತ್ತು. ಅಟ್ಟೆಯ ಪದರಗಳ ನಡುವೆ ಅದೆಂಥದೋ ಒಣ ಬೀಜ ಇಟ್ಟು ಹೊಲಿಯುತ್ತಾರೆ ಎನ್ನುತ್ತಿದ್ದರು. ಸಪ್ಪಳಕ್ಕೆ ಹಾವು ಸರಿದು ಹೋಗುತ್ತದೆ, ಗಂಡಸರು ಬಂದದ್ದು ಮನೆಯ ಹೆಂಗಸರಿಗೆ ಮೊದಲೇ ಗೊತ್ತಾಗುತ್ತದೆ ಎಂದು ಕಾರಣ ಕೊಡುತ್ತಿದ್ದರು. ನನಗೇನೋ ಅದು ಬರೀ ಠೀವಿ ಅನ್ನಿಸುತ್ತಿತ್ತು. ಅದೇನೇ ಇರಲಿ, ಒಬ್ಬೊಬ್ಬರ ನಡಿಗೆಗೆ ಒಂದೊಂದು ಥರದ ಕರ್ ಕರ್. ಮಾವನವರದು ಬಲಗಾಲಿಗೆ ಉದ್ದ, ಎಡಗಾಲಿಗೆ ಗಿಡ್ಡ.

ಅತ್ತೆಯ ಸಂಸಾರವೆಲ್ಲ ಆ ಸಪ್ಪಳದ ಮೇಲೆ ನಡೆದಿತ್ತು ಎಂದರೆ ತಪ್ಪಾಗದು. ಸಂಜೆ ಹಿಟ್ಟು ನಾದಿ, ಹಂಚನ್ನು ಒಲೆಯ ಮೇಲಿಟ್ಟು ಕಾಯುತ್ತ ಕೂತಿರುತ್ತಿದ್ದರು. ದಾರಿಯ ತಿರುವಿನಲ್ಲಿ ಚಪ್ಪಲಿ ಕೇಳಿದೊಡನೆ ಜೋಳದ ರೊಟ್ಟಿ ಬಡಿಯಲು ಶುರು. ಮಾವನವರು ಬಂದು, ಕಾಲು ತೊಳೆದು, ಮಣೆಯ ಮೇಲೆ ಕೂರುವುದಕ್ಕೂ ಹಂಚಿನಿಂದ ಉಬ್ಬಿದ ರೊಟ್ಟಿ ನೇರ ತಾಟಿಗೆ ಬೀಳುವುದಕ್ಕೂ ಸರಿಹೋಗುತ್ತಿತ್ತು. ಗಂಡ ಹೆಂಡತಿ ಒಬ್ಬರಿಗೊಬ್ಬರು ನಾಲ್ಕು ಮಾತು ಆಡಿದ್ದನ್ನು ನಾನು ಕಂಡದ್ದು ಅಪರೂಪ. ಆದರೆ ಆ ಮೊದಲ ರೊಟ್ಟಿಯ ಹೊತ್ತಿನಲ್ಲಿ ಅತ್ತೆಯ ಮುಖ ನೋಡಬೇಕಿತ್ತು. ಬೇರೆ ಯಾರು ರೊಟ್ಟಿ ಮಾಡಲು ಹೋದರೂ ಬಿಡುತ್ತಿರಲಿಲ್ಲ. ಮಧ್ಯಾಹ್ನ ನೀವು ಮಾಡಿರಿ, ಸಂಜೆಯದು ನನ್ನದು ಎಂದು ಕಟ್ಟುನಿಟ್ಟು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅತ್ತೆಯ ಕಿವಿ ಮಂದವಾಗತೊಡಗಿತು. ಮೊದಮೊದಲು ನಮಗೆ ತಿಳಿಯಲೇ ಇಲ್ಲ. ಟ್ರ್ಯಾಕ್ಟರು ಬಂದದ್ದು ಕೇಳುತ್ತಿತ್ತು, ಎಮ್ಮೆ ಕೂಗಿದ್ದು ಕೇಳುತ್ತಿತ್ತು, ಗಂಡಸರ ದಪ್ಪ ದನಿಯೂ ಕೇಳುತ್ತಿತ್ತು. ಕೇಳದೆ ಹೋದದ್ದು ಸಣ್ಣ ಸಪ್ಪಳಗಳು. ಗುಬ್ಬಿಯ ಚಿಲಿಪಿಲಿ, ಬಳೆ, ಹಾಲು ಉಕ್ಕುವಾಗಿನ ಸದ್ದು, ನನ್ನ ಕಿರುದನಿ. ಮಾತು ಕೇಳಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. "ಈಗೀಗ ಎಲ್ಲಾರೂ ಬಾಯಾಗ ಅಕ್ಕಿ ಇಟಗೊಂಡು ಮಾತಾಡತೀರಿ" ಎಂದು ನಮ್ಮನ್ನೇ ಬೈಯುತ್ತಿದ್ದರು.

ಆಮೇಲೆ ಒಂದು ಸಂಜೆ ಮಾವನವರು ಬಂದು, ಕಾಲು ತೊಳೆದು, ಮಣೆಯ ಮೇಲೆ ಕೂತು ಕೆಮ್ಮಿದಾಗಲೇ ಅತ್ತೆಗೆ ಅವರು ಬಂದದ್ದು ಗೊತ್ತಾದದ್ದು. ಹಂಚು ಸುಮ್ಮನೆ ಕಾಯುತ್ತಿತ್ತು. ಗಡಿಬಿಡಿಯಿಂದ ಬಡಿದ ರೊಟ್ಟಿ ಹರಿಯಿತು. ಮಾವನವರು ಹರಿದ ರೊಟ್ಟಿಯನ್ನೇ ಉಂಡು ಎದ್ದರು. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಅತ್ತೆ ಜಾಣತನ ಮಾಡಿ ರೊಟ್ಟಿಗಳನ್ನು ಮೊದಲೇ ಮಾಡಿ ಬುಟ್ಟಿಯಲ್ಲಿ ಅರಿವೆ ಮುಚ್ಚಿ ಇಟ್ಟರು. ಮಾವನವರು ಆರಿದ ರೊಟ್ಟಿಯನ್ನು ಮುರಿದು ಹಾಲಿನಲ್ಲಿ ನೆನೆಸಿಕೊಂಡು ಉಂಡರು. ಆ ರಾತ್ರಿ ಅತ್ತೆ ಉಣ್ಣಲಿಲ್ಲ. ನಾನು ಕೇಳಿದ್ದಕ್ಕೆ, "ಕಿವಿ ಹೋದ್ರ ಹೋಗ್ಲಿ ಬಿಡು. ಅವರು ಬಂದದ್ದು ನನಗ ಗೊತ್ತಾಗಲಾರದಂಗ ಆತಲ್ಲವಾ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ಅವರ ಸಂಕಟವೆಲ್ಲ ಇಷ್ಟೇ ಆಗಿತ್ತು, ಮತ್ತು ಅದು ಸಣ್ಣದೇನೂ ಆಗಿರಲಿಲ್ಲ.

ಇನ್ನು ನನ್ನಂಥವಳು ಸುಮ್ಮನಿರುವುದುಂಟೆ? ಹತ್ತನೆಯ ತರಗತಿಗೆ ಕಿವಿಯ ಪಾಠ ಮಾಡುವವಳು. ಪಾಟಿಯ ಮೇಲೆ ಚಿತ್ರ ಬರೆದು ಅತ್ತೆ ಮಾವ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಕಿವಿಯ ಒಳಗೆ ಬಸವನ ಹುಳದ ಚಿಪ್ಪಿನಂತೆ ಸುತ್ತಿಕೊಂಡ ಒಂದು ನಳಿಕೆ ಇದೆ. ಅದರೊಳಗೆ ಕೂದಲಿನಂಥ ಸೂಕ್ಷ್ಮ ಎಳೆಗಳು. ನಳಿಕೆಯ ಬಾಯಿಯ ಹತ್ತಿರದವು ಕೀಚಲು ಸಪ್ಪಳ ಹಿಡಿಯುತ್ತವೆ, ಒಳಗಿನವು ದಪ್ಪ ಸಪ್ಪಳ ಹಿಡಿಯುತ್ತವೆ. ವಯಸ್ಸಾದಂತೆ ಬಾಯಿಯ ಹತ್ತಿರದವು ಮೊದಲು ಸವೆಯುತ್ತವೆ. ಕಿವಿಯ ಕೆಲಸ ತಂದುಕೊಡುವುದು ಮಾತ್ರ, ಇದು ಗುಬ್ಬಿ, ಇದು ಬಳೆ, ಇದು ಮಗನ ದನಿ ಎಂದು ಗುರುತು ಹಿಡಿಯುವುದು ಮಿದುಳು. ಅರ್ಧಂಬರ್ಧ ಬಂದರೆ ಉಳಿದದ್ದನ್ನು ಮಿದುಳು ತಾನೇ ತುಂಬಿಕೊಳ್ಳಲು ನೋಡುತ್ತದೆ, ಏನೂ ಬಾರದಿದ್ದರೆ ಅದಾದರೂ ಏನು ಮಾಡೀತು? ಅತ್ತೆ ಪಾಟಿಯನ್ನು ಬಹಳ ಹೊತ್ತು ನೋಡಿ, "ಚಕ್ಕಲಿ ಚಲೋ ಬರದೀದಿ" ಎಂದರು.

ಮಾವನವರು ಪಾಟಿಯನ್ನೊಮ್ಮೆ ನೋಡಿ ಎದ್ದು ಹೋದರು. ಆದರೆ ಮರುವಾರ ಅಥಣಿಗೆ ಹೋಗಿ, ತಮಗೆ ವರ್ಷಾನುಗಟ್ಟಲೆಯಿಂದ ಚಪ್ಪಲಿ ಹೊಲಿದುಕೊಡುತ್ತಿದ್ದವರ ಮುಂದೆ ಕೂತು, ಇನ್ನೂ ಜೋರಾಗಿ ಕೂಗುವ ಜೋಡು ಬೇಕೆಂದು ಹೇಳಿಬಂದರು. ಅವರು, "ಕಾಕಾರ, ಇದಕ್ಕಿಂತ ಜಾಸ್ತಿ ಕೂಗಿಸಿದ್ರ ಊರ ನಾಯಿ ಎಲ್ಲಾ ನಿಮ್ಮ ಬೆನ್ನ ಹತ್ತತಾವ ನೋಡ್ರಿ" ಎಂದಿದ್ದರಂತೆ. ಹಾಗೇ ಆಯಿತು. ಹೊಸ ಜೋಡು ಮೆಟ್ಟಿಕೊಂಡು ಬಂದ ದಿನ ಬೀದಿಯ ನಾಯಿಗಳು ಬೊಗಳಿದವು, ಜನ ಕಟ್ಟೆಯಿಂದ ಎದ್ದು ನೋಡಿದರು, ನಾಕು ಮನೆ ಆಚೆಯವರಿಗೂ ಇವರು ಬಂದದ್ದು ತಿಳಿಯಿತು. ಅತ್ತೆ ಮಾತ್ರ ಒಲೆಯ ಮುಂದೆ ಕೂತೇ ಇದ್ದರು. ಸಪ್ಪಳ ಜೋರಾಗಿತ್ತು ನಿಜ. ಆದರೆ ಅದು ಅದೇ ಕೀಚಲು ಜಾತಿಯ ಸಪ್ಪಳ. ಸವೆದುಹೋದ ಎಳೆಗೆ ಎಷ್ಟು ಕೂಗಿ ಹೇಳಿದರೇನು? ನನ್ನ ಪಾಠದಲ್ಲಿ ಮಾವನವರು ಜೋರು ಎಂಬುದನ್ನಷ್ಟೇ ಹಿಡಿದುಕೊಂಡಿದ್ದರು. ನಗು ಬಂತು. ನಕ್ಕು ಒಳಗೆ ಹೋದವಳಿಗೆ ಯಾಕೋ ಅಳುವೂ ಬಂತು.

ಮಿರಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಿವಿಯ ಮಷೀನು ಹಾಕಿಸಿದೆವು. ಅಂದಿನ ಮಷೀನುಗಳು ಎಂಥವು ಎಂದರೆ, ರವಿಕೆಗೆ ಸಿಕ್ಕಿಸುವ ಒಂದು ಪೆಟ್ಟಿಗೆ, ಅದರಿಂದ ಕಿವಿಗೆ ಒಂದು ತಂತಿ. ಅದು ಪಾತ್ರೆ ಬಿದ್ದದ್ದನ್ನೂ ಗಾಳಿ ಬೀಸಿದ್ದನ್ನೂ ಸೆರಗು ಸವರಿದ್ದನ್ನೂ ಒಂದೇ ಸಮನೆ ಕಿವಿಗೆ ಸುರಿಯುತ್ತಿತ್ತು. ಬಹಳ ದಿನ ಸುಮ್ಮನಿದ್ದ ಮಿದುಳಿಗೆ ಅಷ್ಟೊಂದನ್ನು ಒಮ್ಮೆಲೇ ಬೇರೆ ಬೇರೆ ಮಾಡಿ ಗುರುತಿಸುವುದು ಆಗುವುದಿಲ್ಲ, ಅದು ಮತ್ತೆ ರೂಢಿ ಮಾಡಿಕೊಳ್ಳಬೇಕು ಎಂದು ಡಾಕ್ಟರು ತಾಳ್ಮೆಯಿಂದ ಹೇಳಿದ್ದರು. ತಾಳ್ಮೆ ಅತ್ತೆಗೆ ಇರಲಿಲ್ಲ. "ಸಂತ್ಯಾಗ ಕುಂತಂಗ ಆಗತೈತಿ" ಎಂದು ಅದನ್ನು ಕಿತ್ತು ಟ್ರಂಕಿನಲ್ಲಿ ಇಟ್ಟುಬಿಟ್ಟರು. ಕೊನೆಗೆ ನಾವು ಒಂದು ಉಪಾಯ ಮಾಡಿಕೊಂಡೆವು. ಸಂಜೆ ನಾನು ಶಾಲೆಯಿಂದ ಬಂದು ಒಲೆಯ ಹತ್ತಿರ ಕೂರುವುದು, ಚಪ್ಪಲಿ ಕೇಳಿದೊಡನೆ ಅತ್ತೆಯ ಮೊಣಕಾಲು ಮುಟ್ಟುವುದು, ಅವರು ರೊಟ್ಟಿ ಬಡಿಯುವುದು. ಮಾವನವರಿಗೆ ಮತ್ತೆ ಬಿಸಿ ರೊಟ್ಟಿ ಸಿಕ್ಕಿತು. ಆದರೆ ಅತ್ತೆಯ ಮುಖದಲ್ಲಿ ಆ ಹಳೆಯ ಗೆಲುವು ಬರಲಿಲ್ಲ. ಕೇಳಿದವಳು ನಾನಾಗಿದ್ದೆನಲ್ಲ.

ಹೀಗೆ ಒಂದೆರಡು ವರ್ಷ ನಡೆಯಿತು. ಈಗ ಹೇಳುವ ಸಂಗತಿ ತೊಂಬತ್ತರ ದಶಕದ ಮೊದಲಿನದು, ಕಬ್ಬು ಕಡಿಯುವ ದಿನಗಳದು. ಚಳಿ ಬಹಳ ಇತ್ತು. ಮಾವನವರು ಬೆಳಿಗ್ಗೆ ಬಸ್ಸಿಗೆ ಪಾಲಬಾವಿಗೆ, ತಮ್ಮ ತಂಗಿಯ ಮನೆಗೆ ಹೋಗಿದ್ದರು. ಅಂದು ಅಲ್ಲೇ ಇದ್ದು ಮರುದಿನ ಬರುತ್ತೇನೆ ಎಂದು ಹೇಳಿಯೇ ಹೋಗಿದ್ದರು. ಹಾಗಾಗಿ ಆ ಸಂಜೆ ಅತ್ತೆಗೆ ರಜೆ. ಹಿಟ್ಟು ನಾದಿರಲಿಲ್ಲ, ಹಂಚು ಗೋಡೆಗೆ ಒರಗಿತ್ತು. ಮಧ್ಯಾಹ್ನದ ರೊಟ್ಟಿ ಸಾಕು, ಒಂದಿಷ್ಟು ಅನ್ನ ಮಾಡಿದರಾಯಿತು ಎಂದುಕೊಂಡಿದ್ದೆವು. ಹೊತ್ತು ಮುಳುಗಿ ಸ್ವಲ್ಪ ಹೊತ್ತಾಗಿತ್ತು. ಕರೆಂಟು ಹೋಗಿತ್ತು. ನಾನು ಕಂದೀಲಿನ ಗಾಜು ಒರೆಸುತ್ತಿದ್ದೆ, ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.

ಇದ್ದಕ್ಕಿದ್ದ ಹಾಗೆ ಅವರು ಕೈ ನಿಲ್ಲಿಸಿ ತಲೆ ಎತ್ತಿದರು. ಮುಖ ಅರಳಿತು. ಕಿವಿ ಚೆನ್ನಾಗಿದ್ದ ಕಾಲದಲ್ಲಿ ದಾರಿಯ ತಿರುವಿನಲ್ಲಿ ಚಪ್ಪಲಿ ಕೇಳಿದಾಗ ಅರಳುತ್ತಿದ್ದ ಹಾಗೆಯೇ. "ಬಂದ್ರು" ಎಂದು ಎದ್ದವರೇ ಒಲೆಗೆ ಕಟ್ಟಿಗೆ ತುರುಕಿ, ಹಂಚು ಇಟ್ಟು, ಹಿಟ್ಟಿಗೆ ನೀರು ಹಾಕಿದರು. ಮೈಯಲ್ಲಿ ಹರೆಯ ಬಂದವರ ಹಾಗೆ ಕೈ ಆಡುತ್ತಿತ್ತು.

ನಾನು ಕಿವಿಗೊಟ್ಟೆ. ಜೀರುಂಡೆ ಬಿಟ್ಟರೆ ಏನೂ ಇಲ್ಲ. ಅವರ ಸಮಾಧಾನಕ್ಕೆ ಎದ್ದು ಹೊಸ್ತಿಲ ತನಕ ಹೋಗಿ ನೋಡಿ ಬಂದೆ. ದಾರಿ ಖಾಲಿ. ಕೈ ಆಡಿಸಿ ಯಾರೂ ಇಲ್ಲ ಎಂದೆ. ಅವರು ನನ್ನತ್ತ ನೋಡಲಿಲ್ಲ. ಕಿವಿಯ ಹತ್ತಿರ ಬಾಯಿಟ್ಟು, "ಅತ್ಯಾರ, ಮಾವಾರು ಪಾಲಬಾವ್ಯಾಗ ಅದಾರ್ರಿ. ನಾಳೆ ಬರ್ತಾರ" ಎಂದು ಕೂಗಿದೆ.

"ಹೋಗ್ಯಾರ, ನನಗೂ ಗೊತ್ತೈತಿ. ಆದ್ರ ಬಂದಾರ. ಕಾಲ್ಮರಿ ಸಪ್ಪಳ ಕೇಳಾಕತ್ತೈತಿ" ಎಂದರು. ಕಾಲ್ಮರಿ ಎಂದರೆ ಚಪ್ಪಲಿಗೆ ನಮ್ಮ ಕಡೆಯ ಹಳೆಯ ಮಾತು.

ನನಗೆ ಕನಿಕರವಾಯಿತು. ಕಿವಿಯಿಂದ ಏನೂ ಬಾರದಿದ್ದಾಗ ಮಿದುಳು ಹಳೆಯದನ್ನೇ ತೆಗೆದು ತನಗೆ ತಾನೇ ಕೇಳಿಸಿಕೊಳ್ಳುವುದುಂಟು ಎಂದು ಓದಿ ಬಲ್ಲೆ. ಕಿವುಡಾದ ಮುದುಕರಿಗೆ ಗಂಟೆ ಕೇಳಿಸುತ್ತದೆ, ಹಳೆಯ ಹಾಡು ಕೇಳಿಸುತ್ತದೆ. ಇದೂ ಅದೇ ಇರಬೇಕು ಎಂದುಕೊಂಡೆ. ಕೇಳಲಿ ಬಿಡು, ಇಷ್ಟು ದಿನದ ಮೇಲೆ ಅವರಿಗೆ ಆ ಸುಖವಾದರೂ ಸಿಕ್ಕಿತಲ್ಲ ಎನ್ನಿಸಿತು. ಅತ್ತೆ ರೊಟ್ಟಿ ಬಡಿದು ಹಂಚಿಗೆ ಹಾಕಿದರು. ಅದು ಉಬ್ಬಿತು. ತಾಟಿಗೆ ಹಾಕಿದರು. ಮಣೆ ಖಾಲಿಯೇ ಇತ್ತು.

ರೊಟ್ಟಿ ಆರಿತು. ಅತ್ತೆ ಮುಂಬಾಗಿಲ ಕಡೆ ನೋಡಿದರು. ಆಮೇಲೆ ನಿಧಾನವಾಗಿ ತಲೆ ತಿರುಗಿಸಿ ಹಿತ್ತಲ ಬಾಗಿಲ ಕಡೆ ನೋಡಿದರು. ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಹಿತ್ತಲ ಬಾಗಿಲು ತೆರೆದು ನಿಂತರು. ಮಾವನವರು ಯಾವತ್ತೂ ಹಿತ್ತಲಿನಿಂದ ಬಂದವರಲ್ಲ. ನಾನು ಕಂದೀಲು ಹಿಡಿದುಕೊಂಡು ಹಿಂದೆಯೇ ಹೋದೆ.

"ಇತ್ತಾಗಿಂದ ಐತಿ. ಹಳ್ಳದ ಕಡಿಂದ" ಎಂದರು. ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಮುಂದ ಬರವಲ್ರು. ನಿಂತಲ್ಲೇ ನಿಂತು ಸಪ್ಪಳ ಮಾಡಾಕತ್ತಾರ. ಯಾಕ ನಿಂತಾರ?" ಎಂದು ನನ್ನನ್ನು ಕೇಳಿದರು.

ಆ ಪ್ರಶ್ನೆಗೆ ಮಾತ್ರ ನಾನು ಕಂದೀಲು ಎತ್ತಿ ಕಬ್ಬಿನ ಕಡೆ ಹಿಡಿದೆ. ಗಂಡನ ಚಪ್ಪಲಿ ಕೇಳಿತು ಎಂದು ಭ್ರಮೆಯಾಗುವುದು ನನಗೆ ಅರ್ಥವಾಗುತ್ತಿತ್ತು. ಆದರೆ ನೆನಪಿನ ಚಪ್ಪಲಿ ದಾರಿಯ ತಿರುವಿನಿಂದ ಮನೆಗೆ ಬರಬೇಕು. ಬರುತ್ತ ಬರುತ್ತ ಜೋರಾಗಬೇಕು. ಅವರು ಜೀವಮಾನವೆಲ್ಲ ಕೇಳಿದ್ದು ಹಾಗೆಯೇ. ಮುಂದೆ ಬಾರದ ಸಪ್ಪಳವನ್ನು ಅವರು ಎಂದೂ ಕೇಳಿರಲಿಲ್ಲ.

ಅಷ್ಟರಲ್ಲಿ ನನ್ನ ಯಜಮಾನರು ಡೈರಿಗೆ ಹಾಲು ಕೊಟ್ಟು ಬಂದರು. ವಿಷಯ ಕೇಳಿ ನಕ್ಕರು. "ಯವ್ವಾ, ಅಪ್ಪ ಅಲ್ಲಿ ಪಾಲಬಾವಿ ಅತ್ತಿ ಕೈಲೆ ಹೋಳಿಗಿ ಮಾಡಿಸ್ಕೊಂಡು ಉಣ್ಣಾಕತ್ತಿರ್ತಾನ. ನೀ ಇಲ್ಲಿ ರೊಟ್ಟಿ ಬಡಿ" ಎಂದು ಕೂಗಿ ಹೇಳಿದರು. ಅತ್ತೆ ನಗಲಿಲ್ಲ. ಮಗನ ಮೇಲೆ ಎಂದೂ ದನಿ ಏರಿಸದವರು, "ನೀ ಹೋಗ್ತಿಯೋ, ನಾ ಹೋಗ್ಲೋ?" ಎಂದು ಹಿತ್ತಲಿಗೆ ಇಳಿದೇಬಿಟ್ಟರು. ಆ ಕತ್ತಲಲ್ಲಿ, ಆ ಚಳಿಯಲ್ಲಿ, ಹಿಟ್ಟು ಮೆತ್ತಿದ ಕೈಯಲ್ಲಿ. ತಾಯಿಯನ್ನು ತಡೆಯುವುದಕ್ಕಾದರೂ ಮಗ ಹೋಗಲೇಬೇಕಾಯಿತು. ಬ್ಯಾಟರಿ ತೆಗೆದುಕೊಂಡು, ನಮ್ಮ ಹೊಲದ ಕೆಲಸಕ್ಕಿದ್ದ ಬಸಪ್ಪನನ್ನು ಕರೆದುಕೊಂಡು, "ಹಳ್ಳದತನಾ ಹೋಗಿ ಬಂದ್ರ ಸಮಾಧಾನ ಆದೀತು" ಎಂದು ನನಗೆ ಹೇಳಿ ಕಬ್ಬಿನ ನಡುವಿನ ದಾರಿ ಹಿಡಿದರು.

ನಾವಿಬ್ಬರೂ ಒಳಗೆ ಬಂದು ಕೂತೆವು. ಅತ್ತೆ ಒಂದು ಉಂಡೆ ಹಿಟ್ಟನ್ನು ಕೈಯಲ್ಲಿ ಹಿಡಿದುಕೊಂಡು, ತಲೆ ಒಂದು ಬದಿಗೆ ವಾಲಿಸಿ ಕೇಳಿಸಿಕೊಳ್ಳುತ್ತಲೇ ಇದ್ದರು. ಹಿಟ್ಟು ನಾದುತ್ತಿರಲಿಲ್ಲ, ಬರೀ ಹಿಡಿದಿದ್ದರು. ಎಷ್ಟು ಹೊತ್ತು ಹಾಗೆ ಕೂತೆವೋ ನನಗೆ ಹೇಳಲಾಗದು. ಆಮೇಲೆ ಅವರ ಮುಖ ಒಮ್ಮೆಲೇ ಬಾಡಿತು.

"ನಿಂತಿತು" ಎಂದರು.

ನಾನು ಅವರ ಕೈ ಹಿಡಿದುಕೊಂಡೆ, ಹಿಟ್ಟು ನನ್ನ ಕೈಗೂ ಅಂಟಿತು. ಏನೂ ನಂಬದ ನಾನು ಆ ಹೊತ್ತಿನಲ್ಲಿ ಮಾವನವರಿಗೆ ಏನೋ ಆಯಿತು ಎಂದೇ ನಂಬಿದ್ದೆ. ಸುಳ್ಳು ಹೇಳಲಾರೆ, ನನಗೂ ಅಳು ಬಂದಿತ್ತು.

ಬಸಪ್ಪ ಓಡುತ್ತ ಬಂದ. "ಹೊರಸು ಕೊಡ್ರಿ ಅಕ್ಕಾರ, ಕಾಕಾರು ಬಿದ್ದಾರ. ಹೆದರಬ್ಯಾಡ್ರಿ, ಮಾತಾಡಾಕತ್ತಾರ" ಎಂದ. ಪಡಸಾಲೆಯಲ್ಲಿದ್ದ ಆ ಹಗ್ಗದ ಮಂಚವನ್ನು ತಲೆಯ ಮೇಲೆ ಹೊತ್ತುಕೊಂಡು, ನೆರೆಯವರಿಬ್ಬರನ್ನು ಕರೆದುಕೊಂಡು ಮತ್ತೆ ಓಡಿದ. ನಾನು ಅತ್ತೆಗೆ ಕೈಸನ್ನೆಯಲ್ಲಿ ಹೇಳಿದೆ, ಬರಾಕತ್ತಾರ, ಬರಾಕತ್ತಾರ ಎಂದು ಬಾಯಿಯಲ್ಲೂ ಕೂಗಿದೆ.

ನಡೆದದ್ದು ಇಷ್ಟು. ಮಧ್ಯಾಹ್ನ ಉಂಡ ಮೇಲೆ ಮಾವನವರಿಗೆ ತಂಗಿಯ ಮನೆಯಲ್ಲಿ ಉಳಿಯಲು ಮನಸ್ಸಾಗಿಲ್ಲ. ಬಸ್ಸು ಇರಲಿಲ್ಲ. ಕಬ್ಬು ಇಳಿಸಿ ಮರಳುತ್ತಿದ್ದ ಒಂದು ಟ್ರ್ಯಾಕ್ಟರು ಸಿಕ್ಕಿದೆ. ಅದು ಅವರನ್ನು ಹಳ್ಳದ ಆಚೆ ಇಳಿಸಿ ತನ್ನ ದಾರಿ ಹಿಡಿದಿದೆ. ಹಳ್ಳ ದಾಟಿ ಕಬ್ಬಿನೊಳಗಿಂದ ಅಡ್ಡ ಬರುವಾಗ ನೀರಿನ ಕಾಲುವೆಯಲ್ಲಿ ಕಾಲು ಜಾರಿ ಬಿದ್ದಿದ್ದಾರೆ. ತೊಡೆಯ ಎಲುಬು ಮುರಿದಿತ್ತು. ಎರಡೂ ಕಡೆ ಆಳೆತ್ತರ ಮೀರಿದ ಕಬ್ಬು. ಕೂಗಿದ್ದಾರೆ, ಯಾರೂ ಇಲ್ಲ. ಕೂಗಿ ಕೂಗಿ ಗಂಟಲು ಕಟ್ಟಿದೆ. ಕೊನೆಗೆ ಕಾಲಿನಿಂದ ಜಾರಿದ್ದ ಒಂದು ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸುತ್ತ, ಬಿಡುತ್ತ, ಕರ್ ಕರ್ ಎನ್ನಿಸುತ್ತ ಬಿದ್ದುಕೊಂಡಿದ್ದಾರೆ. ನನ್ನ ಯಜಮಾನರಿಗೂ ಬಸಪ್ಪನಿಗೂ ಆ ಸಪ್ಪಳ ಕೇಳಿದ್ದು ತೀರ ಹತ್ತಿರ ಹೋದ ಮೇಲೆ, ಅದೂ ಕಪ್ಪೆಯೋ ಏನೋ ಎಂದುಕೊಂಡಿದ್ದರಂತೆ. ಬ್ಯಾಟರಿಯ ಬೆಳಕು ಕಂಡೊಡನೆ ಮಾವನವರು ಚಪ್ಪಲಿಯನ್ನು ಕೈಬಿಟ್ಟಿದ್ದಾರೆ. ಆ ಚಳಿಯಲ್ಲಿ ಬೆಳಗಿನತನಕ ಅಲ್ಲೇ ಬಿದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು.

ಹೊರಸಿನ ಮೇಲೆ ಹೊತ್ತು ತಂದು ಪಡಸಾಲೆಯಲ್ಲಿ ಇಳಿಸಿದರು. ಅತ್ತೆ ಒಂದು ಸಲ ಅವರ ಹಣೆ ಮುಟ್ಟಿ ನೋಡಿದರು. ಅಳಲಿಲ್ಲ, ಬೈಯಲಿಲ್ಲ. ಒಳಗೆ ಹೋಗಿ ರೊಟ್ಟಿ ಬಡಿದರು. ಮಿರಜಿಗೆ ಹೋಗಲು ಜೀಪು ತರಲು ಜನ ಓಡಿದ್ದರು. ಜೀಪು ಬರುವ ತನಕ ಅತ್ತೆ ಬಿಸಿ ರೊಟ್ಟಿಯನ್ನು ಬೆಣ್ಣೆಯಲ್ಲಿ ಚೂರು ಚೂರು ಮಾಡಿ ಗಂಡನ ಬಾಯಿಗೆ ಇಟ್ಟರು. ಅಷ್ಟು ಜನರ ಎದುರಿಗೆ ಅವರು ಹಾಗೆ ಮಾಡಿದ್ದು ಅದೇ ಮೊದಲು. ನೋವಿನಿಂದ ಹಲ್ಲು ಕಚ್ಚುತ್ತಿದ್ದ ಮಾವನವರು ಸುಮ್ಮನೆ ಬಾಯಿ ತೆರೆಯುತ್ತಿದ್ದರು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಮ್ಮೆ ನಾನು ಅವರನ್ನು ಕೇಳಿದೆ. "ಮಾವಾರ, ಕಲ್ಲಿಲೆ ಕಲ್ಲು ಬಡಿಬೌದಿತ್ತು, ಕಬ್ಬು ಅಳ್ಳಾಡಸಬೌದಿತ್ತು. ಚಪ್ಪಲಿನ ಯಾಕ ಸಪ್ಪಳ ಮಾಡಿದ್ರಿ?" ಅತ್ತೆಗೆ ಅದು ಕೇಳುವುದಿಲ್ಲ ಎಂಬುದು ಎಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು. ಅವರು ಮಾಡಿನ ಕಡೆ ನೋಡಿದರು. ಸೊಸೆಯ ಮುಂದೆ ಹೇಳಬೇಕೋ ಬೇಡವೋ ಎಂದು ನಾಚಿದವರಂತೆ ಕಂಡರು.

"ಊಟದ ಹೊತ್ತಾಗಿತ್ತಲ್ಲವಾ" ಎಂದರು.

ಅಂದಿನಿಂದ ಇಂದಿನವರೆಗೆ ನಾನು ಇದನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದ್ದೇನೆ. ಆ ಜಾಗ ನಮ್ಮ ಹಿತ್ತಲಿನಿಂದ ಒಂದು ಮೈಲಿಗಿಂತ ದೂರ. ನಂಬಿಕೆ ಬಾರದೆ ಒಂದು ಸಂಜೆ ಯಜಮಾನರನ್ನು ಅಲ್ಲಿಗೆ ಕಳಿಸಿ ಅದೇ ಚಪ್ಪಲಿಯನ್ನು ಬಗ್ಗಿಸಲು ಹೇಳಿ, ನಾನು ಹಿತ್ತಲ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತೆ. ಆಗಿನ್ನೂ ನನ್ನ ಕಿವಿ ಚೆನ್ನಾಗಿತ್ತು. ಏನೂ ಕೇಳಲಿಲ್ಲ, ಯಾರಿಗೂ ಕೇಳುವ ಮಾತೇ ಇರಲಿಲ್ಲ. ಅವರು ಮಾತ್ರ ಬಹಳ ಹೊತ್ತು ಕಬ್ಬಿನಲ್ಲಿ ಕೂತು ಚಪ್ಪಲಿ ಬಗ್ಗಿಸಿ ಬಗ್ಗಿಸಿ ಬಂದು, "ಯಾರರ ನೋಡಿದ್ರ ಏನಂತಾರ?" ಎಂದು ನನ್ನ ಮೇಲೆ ಹರಿಹಾಯ್ದರು.

ಮಿದುಳಿನ ಆಟ ಎನ್ನೋಣವೆಂದರೆ, ಕಿವಿ ಮಂದವಾದ ಮೇಲೆ ಅಷ್ಟು ಸಂಜೆಗಳಲ್ಲಿ ಒಮ್ಮೆಯೂ ಆಡದ ಆಟವನ್ನು ಅದು ಆ ಒಂದೇ ಸಂಜೆ ಯಾಕೆ ಆಡಿತು? ಅದೂ ಗಂಡ ಬರುವುದಿಲ್ಲ ಎಂದು ಖಚಿತವಾಗಿ ಗೊತ್ತಿದ್ದ ಸಂಜೆ? ಕಾಕತಾಳೀಯ ಎನ್ನೋಣವೆಂದರೆ ದಿಕ್ಕೂ ಸರಿಯಾಗಿತ್ತು. ಸಪ್ಪಳ ಮುಂದೆ ಬಾರದೆ ಇದ್ದದ್ದೂ ಸರಿ. ನಿಂತ ಹೊತ್ತೂ ಸರಿ. ಒಂದನ್ನು ಕಾಕತಾಳೀಯ ಎಂದು ಬಿಡಬಹುದು, ಎರಡನ್ನೂ ಬಿಡಬಹುದು. ಉಳಿದದ್ದನ್ನು ಎಲ್ಲಿಡಲಿ? ಪ್ರತಿ ವರ್ಷ ಕಿವಿಯ ಪಾಠ ಮಾಡುವಾಗ ಮಕ್ಕಳ ಎದುರಿಗೆ ಚಿತ್ರ ಬರೆದು ನಾನು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದೆ. ಬಾಯಾರಿಗೆ ಮುಂದಿನದು ಮರೆತಿದೆ ಎಂದು ಅವರು ಮುಸಿಮುಸಿ ನಗುತ್ತಿದ್ದರು. ಈಗ ನನ್ನ ವಯಸ್ಸೂ ಆಗಿನ ಅತ್ತೆಯ ವಯಸ್ಸಿನ ಹತ್ತಿರ ಬಂದಿದೆ, ಗುಬ್ಬಿಗಳು ನನಗೂ ಕೇಳುವುದಿಲ್ಲ.

ನಾನು ಅತ್ತೆಯನ್ನೂ ಒಮ್ಮೆ ಪರೀಕ್ಷೆ ಮಾಡಿದ್ದೆ. ಮಾಡದೆ ಬಿಡುವವಳಲ್ಲ ಎಂದು ನಿಮಗೆ ಇಷ್ಟರಲ್ಲಿ ಗೊತ್ತಾಗಿರಬೇಕು. ಮಾವನವರ ಕಾಲಿಗೆ ಇನ್ನೂ ಸಿಮೆಂಟು ಪಟ್ಟಿ ಇತ್ತು. ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದರು. ಬೆಳಗಿನ ಬಿಸಿಲು ಒಳಗೆ ಬಿದ್ದಿತ್ತು. ಅತ್ತೆ ಅವರ ಕಾಲ್ದೆಸೆಯಲ್ಲಿ ನೆಲದ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಸದ್ದಿಲ್ಲದೆ ಅವರ ಹಿಂದೆ ಹೋಗಿ ಕೂತು, ಆ ಚಪ್ಪಲಿಯನ್ನು ಅವರ ಕಿವಿಗೆ ಒಂದು ಗೇಣು ದೂರದಲ್ಲಿ ಹಿಡಿದು ಬಗ್ಗಿಸಿದೆ. ಕರ್ ಎಂದಿತು. ಅತ್ತೆ ಜೋಳದಲ್ಲಿಯ ಹರಳು ಆರಿಸುತ್ತಲೇ ಇದ್ದರು. ಇನ್ನೂ ಜೋರಾಗಿ ಬಗ್ಗಿಸಿದೆ, ಮತ್ತೆ ಮತ್ತೆ ಬಗ್ಗಿಸಿದೆ. ಹೊರಸಿನ ಮೇಲೆ ಮಾವನವರು ತಲೆ ಎತ್ತಿ ನೋಡಿದರು. ಅತ್ತೆಗೆ ಏನೂ ಇಲ್ಲ.

ಕೊನೆಗೆ ಅವರ ಭುಜ ತಟ್ಟಿ, ಚಪ್ಪಲಿ ತೋರಿಸಿ, "ಅತ್ಯಾರ, ಇಷ್ಟೊತ್ತನಾ ನಿಮ್ಮ ಕಿವಿ ಹತ್ರ ಸಪ್ಪಳ ಮಾಡಿದೆ. ಕೇಳಲಿಲ್ಲೇನ್ರಿ?" ಎಂದು ಕೂಗಿದೆ.

ಅವರು ಚಪ್ಪಲಿಯನ್ನು ನೋಡಿದರು, ಹೊರಸಿನ ಮೇಲೆ ಮಲಗಿದ್ದ ಗಂಡನನ್ನು ನೋಡಿದರು. ಆಮೇಲೆ ಇಷ್ಟು ಕಲಿತವಳು ಎಂಥ ಮಾತು ಕೇಳುತ್ತಾಳೆ ಎನ್ನುವ ಹಾಗೆ ನನ್ನನ್ನು ನೋಡಿ ನಕ್ಕರು.

"ಈಗ್ಯಾಕ ಕೇಳಬೇಕವಾ? ಇಲ್ಲೇ ಅದಾರಲ್ಲ."